ಭಯದಲ್ಲಿ ಹೊತ್ತ ಹರಕೆ



ಹರಕೆ ಎಂಬ ಮಾತಿನ ಅರ್ಥವನ್ನು ನಮ್ಮ ಹಳ್ಳಿಗಳವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಗುವಿಗೆ ಜ್ವರ ಏರಿದಾಗ, ಮಳೆ ತಪ್ಪಿದಾಗ, ದನವು ಮೇವು ಬಿಟ್ಟಾಗ ಮನುಷ್ಯನು ಕೈಜೋಡಿಸಿ, ಈ ಕಷ್ಟವೊಂದನ್ನು ದಾಟಿಸಿದರೆ ಇಂಥದನ್ನು ಕೊಡುತ್ತೇನೆಂದು ಹೇಳಿಕೊಳ್ಳುವದು ಹಿರಿಯರಿಂದ ಬಂದ ಪದ್ಧತಿ. ನಾವು ಕ್ರಿಸ್ತನ ಸಭೆಗೆ ಸೇರಿದ ಮೇಲೆ ಹರಕೆ ಸಲ್ಲಿಸುವ ಗುಡಿ ಬದಲಾಯಿತು. ಹರಕೆ ಹೊರುವ ಮನಸ್ಸು ಬದಲಾಯಿತೋ? ಭಯದ ಗಳಿಗೆಯಲ್ಲಿ ದೇವರಿಗೆ ಕೊಟ್ಟ ಮಾತು ನಮ್ಮನ್ನು ಕಟ್ಟುವದೋ ಇಲ್ಲವೋ? ಈ ಪ್ರಶ್ನೆಯನ್ನು ನಾವು ಪಂಡಿತರ ವಾದಕ್ಕಾಗಿ ಎತ್ತುವವರಲ್ಲ. ಇದಕ್ಕೆ ನಾವು ಒಮ್ಮೆ ತಪ್ಪು ಉತ್ತರ ಕೊಟ್ಟೆವು. ಆ ತಪ್ಪಿನ ಬೆಲೆಯನ್ನು ಬೇರೊಬ್ಬರು ತೆತ್ತರು.

ನಮ್ಮ ಸೇವೆಗೆ ಒಪ್ಪಿಸಲ್ಪಟ್ಟ ಒಂದು ಹಳ್ಳಿಯಲ್ಲಿ ಒಬ್ಬ ವಿಧವೆ ಇದ್ದಾಳೆ. ಅವಳಿಗೆ ಇಬ್ಬರು ಮಕ್ಕಳು, ಕರೆಯುವ ಎಮ್ಮೆ ಒಂದು. ಕಿರಿಯ ಮಗನು ಜ್ವರದಿಂದ ಮೂರು ದಿನ ಮೈಮರೆತು ಮಲಗಿದ್ದಾಗ, ಮೂರನೆಯ ರಾತ್ರಿ ಅವಳು, ಹುಡುಗನು ಉಳಿದರೆ ಎಮ್ಮೆಯನ್ನು ಕರ್ತನಿಗೆ ಕೊಡುತ್ತೇನೆಂದು ಹರಕೆ ಹೊತ್ತಳು. ಹುಡುಗನು ಉಳಿದನು. ಕೆಲವು ದಿನಗಳ ಮೇಲೆ ಅವಳು ನಮ್ಮ ಜಗಲಿಗೆ ಬಂದು ಬಹಳ ಹೊತ್ತು ಸುಮ್ಮನೆ ಕೂತಿದ್ದು, 'ಅಯ್ಯನವರೇ, ಎಮ್ಮೆ ಕೊಟ್ಟರೆ ಮಕ್ಕಳಿಗೆ ಏನು ಹಾಕಲಿ? ಕೊಡದೆ ಹೋದರೆ ಹುಡುಗನನ್ನು ತಿರಿಗಿ ಕೇಳಿಯಾನೋ?' ಎಂದಳು. ನಾವು ಪ್ರಸಂಗಿಯ ಪುಸ್ತಕದ 5ನೆಯ ಅಧ್ಯಾಯವನ್ನು ತೆರೆದು, ಹರಕೆಯನ್ನು ತೀರಿಸುವದರಲ್ಲಿ ತಡಮಾಡಬಾರದೆಂಬ ಬುದ್ಧಿವಾದವನ್ನು ಅವಳಿಗೆ ಓದಿ ಹೇಳಿದೆವು. ಮುಂದಿನ ಸಂತೆಯಲ್ಲಿ ಎಮ್ಮೆ ಮಾರಾಟವಾಯಿತು. ಸುಗ್ಗಿಯ ಕಾಣಿಕೆಯ ದಿನ ಹಣವು ದೇವಾಲಯಕ್ಕೆ ಬಂತು. ಲೆಕ್ಕದ ಪುಸ್ತಕದಲ್ಲಿ ಅದನ್ನು ನಾವೇ ಬರೆದುಕೊಂಡೆವು. ಅವಳ ನಂಬಿಕೆಯನ್ನು ಸಭೆಯ ಮುಂದೆ ಹೊಗಳಿದೆವು ಸಹ.

ಇದಾದ ಮರುವರ್ಷ ಜರ್ಮನಿ ದೇಶದ ಸಭೆಯವರ ಆಮಂತ್ರಣದಂತೆ ಅಲ್ಲಿಗೆ ಹೊರಟ ಕೆಲವರೊಂದಿಗೆ ನಮಗೂ ಹೋಗುವ ಭಾಗ್ಯ ದೊರಕಿತು. ಆ ದೇಶದ ನಡುಭಾಗದಲ್ಲಿ, ಥುರಿಂಗಿಯ ಎಂಬ ಸೀಮೆಯಲ್ಲಿ, ಎರ್ಫುರ್ಟ್ ಎಂಬ ಹಳೆಯ ಪಟ್ಟಣವಿದೆ. ಅಲ್ಲಿ ಔಗುಸ್ತೀನನ ಹೆಸರನ್ನು ಧರಿಸಿದ ಸನ್ಯಾಸಿಗಳು ಸುಮಾರು 1277ರಲ್ಲಿ ಕಟ್ಟಲಾರಂಭಿಸಿದ ಮಠವು ಈಗಲೂ ನಿಂತಿದೆ. ಸನ್ಯಾಸಿಗಳು ಹೋಗಿ ಶತಮಾನಗಳಾದವು. ಈಗ ಅದು ಸುವಾರ್ತಾ ಸಭೆಯವರ ವಶದಲ್ಲಿದ್ದು, ಕೂಟಗಳಿಗೂ ಬಂದ ಅತಿಥಿಗಳ ವಾಸಕ್ಕೂ ಉಪಯೋಗವಾಗುತ್ತದೆ. ಅದರ ದೇವಾಲಯದಲ್ಲಿ ಬಂಗಾರದ ಥಳಥಳಿಕೆ ಇಲ್ಲ. ಎತ್ತರವಾದ ಕಲ್ಲಿನ ಗೋಡೆಗಳು, 14ನೆಯ ಶತಮಾನದ ಬಣ್ಣದ ಗಾಜಿನ ಕಿಟಕಿಗಳು, ಕಾಲಿಗೆ ತಣ್ಣಗೆ ತಗಲುವ ನೆಲ, ಇಷ್ಟೇ. ಆದರೆ ಮಾರ್ಟಿನ್ ಲೂಥರನು ಸನ್ಯಾಸಿಯಾದದ್ದು ಇಲ್ಲಿಯೇ. ಆತನು ಸನ್ಯಾಸಿಯಾದದ್ದಕ್ಕೆ ಕಾರಣವು ಭಯದಲ್ಲಿ ಹೊತ್ತ ಒಂದು ಹರಕೆ.

ಆ ಸಂಗತಿ ಹೀಗಿದೆ. 1505ನೆಯ ಇಸವಿಯ ಜುಲೈ 2ರಂದು, 21 ವರ್ಷದ ಲೂಥರನು ತಂದೆತಾಯಿಗಳ ಊರಿನಿಂದ ಎರ್ಫುರ್ಟಿಗೆ ತಿರಿಗಿ ಬರುತ್ತಿದ್ದನು. ಆಗ ಅವನು ನ್ಯಾಯಶಾಸ್ತ್ರದ ವಿದ್ಯಾರ್ಥಿ. ಪಟ್ಟಣಕ್ಕೆ ಸಮೀಪವಾದ ಸ್ಟೊಟರ್ನ್‌ಹೈಮ್ ಎಂಬ ಹಳ್ಳಿಯ ಬಳಿಯಲ್ಲಿ ಗುಡುಗು ಮಳೆ ಹಿಡಿಯಿತು. ಹತ್ತಿರದಲ್ಲೇ ಸಿಡಿಲು ಬಡಿಯಿತು. ಸಾವು ಬಂತೆಂದು ತಿಳಿದು ಅವನು, ಗಣಿಗಾರರು ಮೊರೆಹೋಗುತ್ತಿದ್ದ ಸಂತ ಅನ್ನಳ ಹೆಸರನ್ನು ಕೂಗಿ, ಉಳಿದರೆ ಸನ್ಯಾಸಿಯಾಗುವೆನೆಂದು ಮಾತು ಕೊಟ್ಟನು. ಅವನ ತಂದೆಯಾದ ಹಾನ್ಸನು ತಾಮ್ರದ ಗಣಿಯ ಕೆಲಸದಿಂದ ಮೇಲೆ ಬಂದವನಾದುದರಿಂದ, ಆ ಹೆಸರು ಮನೆಯಲ್ಲಿ ಕೇಳಿದ್ದೇ ಆಗಿತ್ತು. ಅದೇ ತಿಂಗಳು 17ರಂದು ಅವನು ಈ ಮಠದ ಬಾಗಲನ್ನು ತಟ್ಟಿದನು. ಮಗನು ನ್ಯಾಯಶಾಸ್ತ್ರಿಯಾಗಿ ಮನೆಯನ್ನು ಎತ್ತುವನೆಂದು ನಂಬಿದ್ದ ತಂದೆಗೆ ಇದರಿಂದ ಬಹಳ ಕೋಪ ಬಂತು.

ದೇವಾಲಯದಲ್ಲಿ ಯಜ್ಞವೇದಿಯ ಮುಂದೆ ನೆಲದಲ್ಲಿ ಒಂದು ಸಮಾಧಿಯ ಕಲ್ಲು ಇದೆ. ಸನ್ಯಾಸ ಸ್ವೀಕರಿಸುವವನು ಆ ಕಲ್ಲಿನ ಮೇಲೆ ಕೈಚಾಚಿ ಬೋರಲು ಮಲಗಿ ತನ್ನನ್ನು ಒಪ್ಪಿಸಿಕೊಡುತ್ತಿದ್ದನೆಂದೂ ಲೂಥರನು ಸಹ ಹಾಗೆಯೇ ಮಾಡಿದನೆಂದೂ ಅಲ್ಲಿಯವರು ಹೇಳುತ್ತಾರೆ. ನಾವು ಆ ಕಲ್ಲಿನ ಬಳಿಯಲ್ಲಿ ನಿಂತಾಗ ನಮ್ಮ ಮನಸ್ಸಿಗೆ ಬಂದದ್ದು ಲೂಥರನಲ್ಲ. ನಮ್ಮ ಜಗಲಿಯ ಮೇಲೆ ಸುಮ್ಮನೆ ಕೂತಿದ್ದ ಆ ವಿಧವೆಯೇ. ಇಬ್ಬರ ಹರಕೆಯೂ ಒಂದೇ ಬೇರಿನಿಂದ ಹುಟ್ಟಿದ್ದು. ಇಬ್ಬರೂ ತಮ್ಮ ಹರಕೆಯನ್ನು ತೀರಿಸಿದವರು.

ಹರಕೆ ತೀರಿಸಿದ ಮೇಲೆ ಲೂಥರನಿಗೆ ಸಮಾಧಾನ ದೊರಕಿತೋ? ಅವನು ಉಪವಾಸ ಮಾಡಿದನು; ಚಳಿಯಲ್ಲಿ ಜಾಗರಣೆ ಮಾಡಿದನು; ತನ್ನ ಪಾಪಗಳನ್ನು ಗಂಟೆಗಟ್ಟಳೆ ಅರಿಕೆಮಾಡಿದನು. 1507ರಲ್ಲಿ ಯಾಜಕನಾಗಿ ಮೊದಲನೆಯ ಸಾರಿ ಕರ್ತನ ಮೇಜಿನ ಮುಂದೆ ನಿಂತಾಗ ಅವನು ದೇವರ ಭಯದಿಂದ ನಡುಗಿದನು. ಸನ್ಯಾಸದ ಕಟ್ಟಳೆಗಳಿಂದ ಪರಲೋಕ ದೊರಕುವದಾಗಿದ್ದರೆ ತನಗೆ ದೊರಕಬೇಕಾಗಿತ್ತೆಂಬ ಅರ್ಥದಲ್ಲಿ ಅವನೇ ಮುಂದೆ ಬರೆದಿದ್ದಾನೆ. ಇದರಲ್ಲಿ ಮಠದವರ ದೋಷವನ್ನು ಎಣಿಸುವದು ನಮ್ಮ ಉದ್ದೇಶವಲ್ಲ. ಅದೇ ಸನ್ಯಾಸಿಗಳ ಮುಖ್ಯಾಧಿಕಾರಿಯಾಗಿದ್ದ ಸ್ಟೌಪಿಟ್ಸನು ಈ ಯೌವನಸ್ಥನನ್ನು ಪ್ರೀತಿಯಿಂದ ನಡಿಸಿ, ನಿನ್ನ ಪಾಪಗಳನ್ನು ನೋಡುತ್ತಾ ಕೂಡ್ರದೆ ಕ್ರಿಸ್ತನ ಗಾಯಗಳನ್ನು ನೋಡೆಂದು ಕಲಿಸಿದವನು. ಆದರೂ ಹೇಳಬೇಕಾದದ್ದು ಇದು: ಹರಕೆ ಪೂರ್ತಿಯಾಗಿ ಸಲ್ಲಿತು, ಭಯವು ಹಾಗೆಯೇ ಉಳಿಯಿತು.

ಇಲ್ಲಿ ಕೆಲವರು, ಹಾಗಾದರೆ ಕೊಟ್ಟ ಮಾತನ್ನು ಮುರಿಯಬಹುದೋ ಎಂದು ಕೇಳಾರು. ಅದೇ ಕಲ್ಲು ಇದಕ್ಕೂ ಉತ್ತರ ಕೊಡುತ್ತದೆ. ಯಾಕಂದರೆ ಅದರ ಕೆಳಗೆ ಹೂಣಲ್ಪಟ್ಟವನು ಯೋಹಾನ್ನೆಸ್ ಚಖರಿಯೆ ಎಂಬ ಪಂಡಿತನು. 1414ರಿಂದ 1418ರ ವರೆಗೆ ಕೊನ್‌ಸ್ಟಾನ್ಸ್ ಪಟ್ಟಣದಲ್ಲಿ ನಡೆದ ಮಹಾಸಭೆಯಲ್ಲಿ ಇವನು ಬೊಹೇಮಿಯ ದೇಶದ ಬೋಧಕನಾದ ಯಾನ್ ಹುಸ್ಸನಿಗೆ ವಿರೋಧವಾಗಿ ವಾದಿಸಿದವರಲ್ಲಿ ಒಬ್ಬನು. ಹುಸ್ಸನು ಆ ಸಭೆಗೆ ಬಂದದ್ದು ಅರಸನಾದ ಸಿಗಿಸ್ಮುಂದನು ಕೊಟ್ಟ ಅಭಯಪತ್ರವನ್ನು ನಂಬಿ. ಆ ಅಭಯವು ಅವನನ್ನು ಕಾಯಲಿಲ್ಲ. ಅವನನ್ನು ಸೆರೆಯಲ್ಲಿ ಹಾಕಿ, 1415ನೆಯ ಇಸವಿಯ ಜುಲೈ 6ರಂದು ಬೆಂಕಿಯಲ್ಲಿ ಸುಟ್ಟರು. ನೋಡಿರಿ, ಒಂದೇ ಕಲ್ಲು ಎರಡು ಮಾತುಗಳನ್ನು ನೆನಪಿಗೆ ತರುತ್ತದೆ. ಒಬ್ಬ ಮನುಷ್ಯನಿಗೆ ಕೊಟ್ಟ ಮಾತು ಮುರಿಯಲ್ಪಟ್ಟಾಗ ಒಂದು ಜೀವ ಹೋಯಿತು. ಸಿಡಿಲಿಗೆ ಹೆದರಿ ಕೊಟ್ಟ ಮಾತು ಅಕ್ಷರಶಃ ನಡೆದಾಗ ಒಂದು ಜೀವ ವರ್ಷಗಟ್ಟಳೆ ಬಾಧೆಪಟ್ಟಿತು. ಆದಕಾರಣ ಮಾತುಗಳೆಲ್ಲಾ ಒಂದೇ ಎಂದು ತೂಗಬಾರದು. ಕೂಲಿಯವನಿಗೆ ಹೇಳಿದ ಕೂಲಿ, ಸಾಲ ಕೊಟ್ಟವನಿಗೆ ಹೇಳಿದ ವಾಯಿದೆ, ಮದುವೆಯಲ್ಲಿ ಗಂಡನೂ ಹೆಂಡತಿಯೂ ಒಬ್ಬರಿಗೊಬ್ಬರು ಕೊಟ್ಟ ಮಾತು, ಇವುಗಳನ್ನು ನಂಬಿ ಇನ್ನೊಬ್ಬನು ತನ್ನ ಬಾಳನ್ನು ನಡಿಸುತ್ತಾನೆ. ನಷ್ಟವಾದರೂ ಅವು ಸಲ್ಲಬೇಕು. 15ನೆಯ ಕೀರ್ತನೆಯು ಇದನ್ನೇ ಕಲಿಸುತ್ತದೆ. ಈ ಲೇಖನವನ್ನು ಓದಿ ಯಾರಾದರೂ ಸಾಲದ ವಾಯಿದೆಯನ್ನು ತಪ್ಪಿಸಿಕೊಂಡರೆ ಅವರು ನಮ್ಮನ್ನು ಸಾಕ್ಷಿಗೆ ಕರೆಯಬಾರದು.

ದೇವರಿಗೆ ಹೊತ್ತ ಹರಕೆಯಾದರೋ ಬೇರೆ ವಿಧವಾಗಿ ತೂಗಲ್ಪಡತಕ್ಕದ್ದು. ನಮ್ಮ ಎಮ್ಮೆಯನ್ನು ನಂಬಿ ಬಾಳುವವನು ದೇವರಲ್ಲ. ನ್ಯಾಯಸ್ಥಾಪಕರ ಪುಸ್ತಕದ 11ನೆಯ ಅಧ್ಯಾಯದಲ್ಲಿ ಯೆಪ್ತಾಹನು ದುಡುಕಿ ಹೊತ್ತ ಹರಕೆಯ ಭಾರವು ಅವನ ತಲೆಯ ಮೇಲಲ್ಲ, ಅವನ ಒಬ್ಬಳೇ ಮಗಳ ತಲೆಯ ಮೇಲೆ ಬಿತ್ತು. ಹೆರೋದನು ಅತಿಥಿಗಳ ಮುಂದೆ ಆಡಿದ ಆಣೆಯನ್ನು ಉಳಿಸಿಕೊಳ್ಳುವದಕ್ಕೋಸ್ಕರ ಸ್ನಾನಿಕನಾದ ಯೋಹಾನನ ತಲೆಯನ್ನು ತೆಗಿಸಿದನು. ತಂದೆತಾಯಿಗಳಿಗೆ ಸಲ್ಲಬೇಕಾದದ್ದನ್ನು ದೇವರಿಗೆ ಮುಡಿಪೆಂದು ಹೇಳಿ ಹಿಂದೆಗೆದವರನ್ನು ಕರ್ತನು ಮಾರ್ಕನ ಸುವಾರ್ತೆಯ 7ನೆಯ ಅಧ್ಯಾಯದಲ್ಲಿ ಗದರಿಸುತ್ತಾನೆ. ಆದರೆ ಹನ್ನಳ ಹರಕೆಯನ್ನೂ ಮರೆಯಬಾರದು. ಅವಳು ದುಃಖದಲ್ಲಿ ಹೊತ್ತಳು. ಕೊಡುವಾಗ ಹಾಡುತ್ತಾ ಕೊಟ್ಟಳು. ಆದಕಾರಣ ಹರಕೆ ಎಂಬದೆಲ್ಲಾ ಪಾಪವೆಂದು ನಾವು ಹೇಳುವದಿಲ್ಲ. ಕೃತಜ್ಞತೆಯಿಂದ ಕೊಡುವವನ ಕೈ ತೆರೆದಿರುತ್ತದೆ. ಭಯದಿಂದ ಕೊಡುವವನು ಕೊಟ್ಟ ಮೇಲೆಯೂ, ಸಾಕಾಯಿತೋ ಇಲ್ಲವೋ ಎಂದು ಮುಖವನ್ನೇ ನೋಡುತ್ತಿರುತ್ತಾನೆ.

ಇನ್ನೊಂದು ವಚನವಿದೆ. ಅದನ್ನು ನಾವು ಸೆಮಿನರಿಯಲ್ಲಿ ಓದಿದ್ದೆವು, ಪರೀಕ್ಷೆಗೆ ಬರೆದೂ ಇದ್ದೆವು; ಜಗಲಿಯ ಮೇಲೆ ಬೇಕಾದಾಗ ಅದು ನೆನಪಿಗೆ ಬರಲಿಲ್ಲ. ಯಾಜಕಕಾಂಡದ 27ನೆಯ ಅಧ್ಯಾಯದಲ್ಲಿ ಹರಕೆ ಹೊತ್ತವರು ಸಲ್ಲಿಸಬೇಕಾದ ಬೆಲೆಗಳ ಪಟ್ಟಿ ಇದೆ. ಹರಕೆ ಹೊತ್ತವನು ಬಡವನಾಗಿ ಅಷ್ಟನ್ನು ಕೊಡಲಾರದೆ ಇದ್ದರೆ, ಅವನ ಶಕ್ತಿಯನ್ನು ನೋಡಿ ಅದಕ್ಕೆ ತಕ್ಕ ಬೆಲೆಯನ್ನು ಯಾಜಕನೇ ಗೊತ್ತುಮಾಡಬೇಕೆಂದು 8ನೆಯ ವಚನವು ವಿಧಿಸುತ್ತದೆ. ಮೋಶೆಯ ಧರ್ಮಶಾಸ್ತ್ರವೇ ಇಷ್ಟು ಕನಿಕರ ತೋರಿಸಿರುವಾಗ, ಕೃಪೆಯ ಸುವಾರ್ತೆಯನ್ನು ಸಾರುವ ನಾವು ಒಂದು ಸೇರು ಹಾಲನ್ನಾದರೂ ಬಿಡದೆ ಪೂರ್ತಿ ಎಮ್ಮೆಯನ್ನು ಬರೆದುಕೊಂಡೆವಲ್ಲಾ!

ಲೂಥರನು ತನ್ನ ಹರಕೆಯಿಂದ ಬಿಡುಗಡೆಯಾದದ್ದು ದುಡುಕಿನಿಂದಲ್ಲ. ಅವನು ಮೊದಲನೆಯ ಸಾರಿ ಕರ್ತನ ಮೇಜಿನ ಸೇವೆ ಮಾಡಿದ ದಿನ ತಂದೆಯೂ ಬಂದಿದ್ದನು. ಆಕಾಶದ ಭೀತಿಯೇ ತನ್ನನ್ನು ಇಲ್ಲಿಗೆ ಕರೆಯಿತೆಂದು ಮಗನು ಹೇಳಿದಾಗ, ಅದು ಮೋಸದ ದರ್ಶನವಾಗದಿದ್ದರೆ ಸಾಕೆಂದು ತಂದೆಯು ಉತ್ತರ ಕೊಟ್ಟು, ತಂದೆತಾಯಿಗಳ ಮಾತನ್ನು ಕೇಳಬೇಕೆಂಬ ಆಜ್ಞೆ ನಿನಗೆ ತಿಳಿಯದೋ ಎಂದು ಕೇಳಿದನು. ಆ ಮಾತು ಮಗನ ಹೃದಯದಲ್ಲಿ ಮುಳ್ಳಿನಂತೆ ಉಳಿಯಿತು. 1521ರಲ್ಲಿ ಅವನು ವಾರ್ಟ್‌ಬುರ್ಗ್ ಕೋಟೆಯಲ್ಲಿ ಅಡಗಿದ್ದಾಗ ಸನ್ಯಾಸದ ಹರಕೆಗಳನ್ನು ಕುರಿತು ಒಂದು ಪುಸ್ತಕವನ್ನು ಬರೆದು ಅದನ್ನು ತಂದೆಗೇ ಅರ್ಪಿಸಿ, ತಾನು ಸ್ವಂತ ಮನಸ್ಸಿನಿಂದಲ್ಲ, ಸಾವಿನ ಭಯವು ಸುತ್ತಿಕೊಂಡದ್ದರಿಂದ ಆ ಹರಕೆಯನ್ನು ಹೊತ್ತೆನೆಂದು ಒಪ್ಪಿಕೊಂಡನು. ರಕ್ಷಣೆಯನ್ನು ಸಂಪಾದಿಸುವದಕ್ಕಾಗಿ ಹೊತ್ತ ಹರಕೆಯು ನಂಬಿಕೆಗೆ ವಿರೋಧವಾದದ್ದೆಂದೂ, ಆದರೆ ಸ್ವತಂತ್ರವಾದ ಮನಸ್ಸುಳ್ಳವನು ಮಠದಲ್ಲಿ ಇರುವದಾದರೂ ಇರಬಹುದೆಂದೂ ಅದರಲ್ಲಿ ಕಲಿಸಿದನು. ಆ ಮೇಲೆಯೂ 1524ರ ವರೆಗೆ ಸನ್ಯಾಸಿಯ ಉಡುಪನ್ನು ಅವನು ತೆಗೆದಿಡಲಿಲ್ಲ. 1525ರಲ್ಲಿ ಮದುವೆಯಾದಾಗ ಅವನನ್ನು ಮಾತಿಗೆ ತಪ್ಪಿದವನೆಂದು ನಿಂದಿಸಿದವರು ಇದ್ದರು. ಆ ನಿಂದೆಯನ್ನು ಅವನು ಹೊತ್ತುಕೊಂಡನು.

ಇಲ್ಲಿ ಒಂದು ಕಠಿಣವಾದ ಆಕ್ಷೇಪಣೆ ಉಂಟು. ಹರಕೆ ಹೊತ್ತದ್ದರಿಂದಲೇ ಲೂಥರನು ಸಿಡಿಲಿನಿಂದ ಉಳಿದನಲ್ಲವೋ? ಹರಕೆ ಹೊತ್ತದ್ದರಿಂದಲೇ ಆ ವಿಧವೆಯ ಮಗನು ಎದ್ದನಲ್ಲವೋ? ಹಳ್ಳಿಯಲ್ಲಿ ಎಲ್ಲರೂ ಹೀಗೆಯೇ ಮಾತಾಡುತ್ತಾರೆ. ಬಾಯಿಂದ ಹೇಳದವರೂ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಾರೆ. ಇದಕ್ಕೆ ಉತ್ತರವನ್ನು ನಾವು ಅದೇ ಮಠದ ಇನ್ನೊಂದು ಸ್ಥಳದಲ್ಲಿ ಕಂಡೆವು.

ಮಠದ ಪುಸ್ತಕಶಾಲೆಯ ಕೆಳಗೆ ನೆಲಮಾಳಿಗೆ ಇತ್ತು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1945ನೆಯ ಇಸವಿಯ ಫೆಬ್ರುವರಿ 25ರಂದು, ಬ್ರಿಟಿಷರ ವಿಮಾನಗಳು ಪಟ್ಟಣದ ಮೇಲೆ ಬಂದವು. ದಪ್ಪ ಗೋಡೆಗಳು ಕಾಯುವವೆಂದು ಸುತ್ತಲಿನ ಜನರು ಆ ನೆಲಮಾಳಿಗೆಗೆ ಇಳಿದಿದ್ದರು. ಬಾಂಬುಗಳು ಆ ಕಟ್ಟಡದ ಮೇಲೆಯೇ ಬಿದ್ದವು. ಅಲ್ಲಿ 267 ಮಂದಿ ಸತ್ತರು. ಬಹಳ ಕಾಲ ಹಾಳಾಗಿ ಬಿದ್ದಿದ್ದ ಆ ಸ್ಥಳದಲ್ಲಿ 2010ರಲ್ಲಿ ಹೊಸ ಪುಸ್ತಕಶಾಲೆಯ ಕಟ್ಟಡವು ಎದ್ದಿತು. ಕೆಳಗೆ ಸತ್ತವರ ನೆನಪಿಗಾಗಿ ಮೌನವಾಗಿರುವದಕ್ಕೆ ಒಂದು ಸ್ಥಳವನ್ನು ಇಟ್ಟಿದ್ದಾರೆ.

ಪ್ರಿಯರೇ, ಸಿಡಿಲಿಗೆ ಹೆದರಿದ ಯೌವನಸ್ಥನು ಹರಕೆಯಿಂದ ಉಳಿದನೆಂದು ಹೇಳುವವನು ಈ 267 ಮಂದಿಯ ವಿಷಯದಲ್ಲಿ ಏನು ಹೇಳುವನು? ಆಕಾಶದಿಂದ ಬೀಳುವದಕ್ಕೆ ಇವರೂ ಹೆದರಿದರು. ಆ ಕತ್ತಲೆಯಲ್ಲಿ ಪ್ರಾರ್ಥಿಸಿದ ತಾಯಿ ಒಬ್ಬಳೂ ಇರಲಿಲ್ಲವೋ? ಇವರು ಹೇಳಿದ ಬೆಲೆ ಕಡಿಮೆಯಾಯಿತೆಂದು ದೇವರು ಕೈಬಿಟ್ಟನೋ? ಹಾಗೆ ಹೇಳುವ ನಾಲಿಗೆ ಯಾರಿಗೂ ಬರಬಾರದು. ಸಿಲೋವದಲ್ಲಿ ಬುರುಜು ಬಿದ್ದು ಸತ್ತ 18 ಮಂದಿಯ ವಿಷಯದಲ್ಲಿ ಕರ್ತನೇ, ಅವರು ಉಳಿದವರಿಗಿಂತ ಹೆಚ್ಚು ಅಪರಾಧಿಗಳಲ್ಲವೆಂದು ಲೂಕನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಕಲಿಸಿದ್ದಾನೆ. ಸತ್ತವರು ಕಡಿಮೆ ಕೊಟ್ಟು ಸಾಯಲಿಲ್ಲವಾದರೆ, ಉಳಿದವರು ಹೆಚ್ಚು ಕೊಟ್ಟು ಉಳಿಯಲಿಲ್ಲ. ಜೀವವು ದೇವರ ಸಂತೆಯಲ್ಲಿ ಮಾರಾಟಕ್ಕಿಟ್ಟ ಸರಕಲ್ಲ. ಉಳಿದ ಮಗುವು ಕ್ರಯಕ್ಕೆ ಬಂದದ್ದಲ್ಲ, ದಾನವಾಗಿ ದೊರಕಿದ್ದು. ದಾನಕ್ಕೆ ಸಲ್ಲತಕ್ಕದ್ದು ಸ್ತೋತ್ರ.

ಆ ದೇವಾಲಯದಿಂದ ಹೊರಡುವ ಮುಂಚೆ ಇನ್ನೊಂದು ಸಂಗತಿಯನ್ನು ಕೇಳಿದೆವು. 1521ನೆಯ ಇಸವಿಯ ಏಪ್ರಿಲ್ 7ರಂದು, ವೊರ್ಮ್ಸ್ ಪಟ್ಟಣದಲ್ಲಿ ಚಕ್ರವರ್ತಿಯ ಮುಂದೆ ನಿಲ್ಲುವದಕ್ಕೆ ಹೋಗುತ್ತಿದ್ದ ಲೂಥರನು ದಾರಿಯಲ್ಲಿ ಇಲ್ಲಿ ಪ್ರಸಂಗಮಾಡಿದನು. ಜನಸಂದಣಿಯ ಭಾರಕ್ಕೆ ಮೇಲಣ ಅಟ್ಟಣೆಯು ಸದ್ದುಮಾಡಲು, ಅದು ಕುಸಿಯಿತೆಂದು ಜನರು ಹೆದರಿ ಎದ್ದರು. ಅವನು ಅವರನ್ನು ಸಮಾಧಾನಪಡಿಸಿ ಕೂಡ್ರಿಸಿ ಪ್ರಸಂಗವನ್ನು ಮುಂದುವರಿಸಿದನೆಂದು ಹೇಳುತ್ತಾರೆ. ವೊರ್ಮ್ಸಿನಲ್ಲಿ ಅವನಿಗೆ ಹುಸ್ಸನ ಗತಿಯೇ ಆಗಬಹುದಾಗಿತ್ತು. 16 ವರ್ಷಗಳ ಹಿಂದೆ ಸಿಡಿಲಿನ ಸದ್ದಿಗೆ ತನ್ನ ಬಾಳನ್ನೇ ಮಾರಿಕೊಂಡವನು ಈಗ, ಅದೇ ಛಾವಣಿಯ ಕೆಳಗೆ, ಬೇರೆಯವರ ಹೆದರಿಕೆಯನ್ನು ಬಿಡಿಸುವವನಾಗಿದ್ದನು. ನಡುವೆ ಅವನಿಗೆ ಕ್ರಿಸ್ತನ ಕೃಪೆಯ ಸುವಾರ್ತೆಯು ತಿಳಿದಿತ್ತು.

ನಾವು ಊರಿಗೆ ಬಂದು ಆ ವಿಧವೆಯ ಮನೆಗೆ ಹೋದೆವು. ಯಾಜಕಕಾಂಡದ ವಚನವನ್ನು ಅವಳಿಗೆ ಓದಿ, ಆ ದಿನ ನಾವು ನಿನಗೆ ತಪ್ಪಾಗಿ ಹೇಳಿದೆವು, ಕ್ಷಮಿಸಬೇಕಮ್ಮಾ ಎಂದು ಕೇಳಿಕೊಂಡೆವು. ಅವಳು ನೆಲವನ್ನು ನೋಡುತ್ತಾ, 'ಎಮ್ಮೆ ಹೋಯಿತು ಅಯ್ಯನವರೇ, ಹೆದರಿಕೆ ಹೋಗಲಿಲ್ಲ. ಹುಡುಗ ಕೆಮ್ಮಿದರೆ ಸಾಕು, ಈ ಸಾರಿ ಏನು ಕೊಡಲಿ ಎಂದು ಮನೆಯೊಳಗೆಲ್ಲಾ ನೋಡುತ್ತೇನೆ' ಎಂದಳು. ಇದಕ್ಕಿಂತ ಹೆಚ್ಚಾದ ಪ್ರಸಂಗವನ್ನು ನಾವು ಎಲ್ಲಿಯೂ ಕೇಳಲಿಲ್ಲ.

ಅವಳು ಕೊಟ್ಟ ಹಣವು ದೇವಾಲಯದ ಹೆಂಚಿಗೆ ಆಗಲೇ ಖರ್ಚಾಗಿತ್ತು. ಸಭೆಯ ಹಿರಿಯರ ಮುಂದೆ ನಮ್ಮ ತಪ್ಪನ್ನು ಹೇಳಿದೆವು. ಅವರೂ ನಾವೂ ಕೂಡಿ ಹಣ ಹಾಕಿ ಒಂದು ಎಮ್ಮೆಯ ಕಡಸನ್ನು ತಂದು ಅವಳ ಅಂಗಳದಲ್ಲಿ ನಿಲ್ಲಿಸಿದೆವು. 'ದೇವರಿಗೆ ಕೊಟ್ಟದ್ದನ್ನು ತಿರಿಗಿ ತಕ್ಕೊಳ್ಳಬಹುದೋ?' ಎಂದು ಅವಳು ಹಿಂಜರಿದಳು. ಇದು ದೇವರು ತಿರಿಗಿ ಕೊಡುವದಲ್ಲ. ನಿನ್ನಿಂದ ತಪ್ಪಾಗಿ ತಕ್ಕೊಂಡವರು ನಾವು, ಇದು ನಮ್ಮ ಸಾಲವೆಂದು ಹೇಳಿದ ಮೇಲೆ ಅವಳು ಹಗ್ಗವನ್ನು ಹಿಡುಕೊಂಡಳು. ಅವಳ ಹೆದರಿಕೆ ಪೂರ್ತಿಯಾಗಿ ಹೋಯಿತೆಂದು ನಾವು ಹೇಳಲಾರೆವು. ಲೂಥರನಿಗೂ ಅದು ಒಂದೇ ದಿನದಲ್ಲಿ ಹೋಗಲಿಲ್ಲ.

ಆದುದರಿಂದ ಸಹೋದರ ಸಹೋದರಿಯರೇ, ಕಷ್ಟದ ರಾತ್ರಿಯಲ್ಲಿ ಪ್ರಾರ್ಥಿಸಿರಿ, ಅಳಿರಿ, ನೆರೆಯವರನ್ನು ಕರೆಯಿರಿ, ಆಸ್ಪತ್ರೆಗೆ ಗಾಡಿಯನ್ನು ಹುಡುಕಿರಿ; ಬೆಲೆಯನ್ನು ಮಾತ್ರ ಹೇಳಬೇಡಿರಿ. ಕಷ್ಟವು ದಾಟಿದ ಮೇಲೆ ಸಂತೋಷದಿಂದ ಎಷ್ಟು ಕೊಡಲಾದೀತೋ ಅಷ್ಟು ಕೊಡಿರಿ. ಹೆದರಿಕೆಯಲ್ಲಿ ಆಡಿದ ಮಾತೊಂದು ಈಗಾಗಲೇ ನಿಮ್ಮನ್ನು ಕಾಡುತ್ತಿದ್ದರೆ, ಅದನ್ನು ಒಬ್ಬರೇ ಹೊತ್ತು ನವೆಯದೆ ನಿಮ್ಮ ಉಪದೇಶಿಯ ಬಳಿಗೆ ತನ್ನಿರಿ. ಜಗಲಿಯ ಮೇಲೆ ಕೂತು ಇಂಥ ಮಾತನ್ನು ಕೇಳುವ ನಮ್ಮ ಜೊತೆಸೇವಕರಿಗೆ ಒಂದೇ ಬಿನ್ನಹ: ಪ್ರಸಂಗಿಯ ಪುಸ್ತಕವನ್ನು ತೆರೆಯುವ ಮುಂಚೆ, ಬಂದವರ ಕೊಟ್ಟಿಗೆಯಲ್ಲಿ ಎಷ್ಟು ಎಮ್ಮೆಗಳಿವೆ ಎಂದು ಕೇಳಿರಿ.